ಅರವತ್ತು ಯೋಜನದ ಆಚೆ

ನನ್ನ ಗಂಡ ಸತ್ತ ಐದನೆಯ ದಿನ, ಬಸವನಗುಡಿಯ ನಮ್ಮ ಮಾವನವರ ಮನೆಯಲ್ಲಿ, ಅವನು ಎಷ್ಟು ದೂರದಲ್ಲಿ ಸತ್ತ ಎಂದು ಮನೆಯವರು ಅಳೆಯುತ್ತ ಕೂತಿದ್ದರು. ಹೇಗೆ ಸತ್ತ ಎಂದು ಯಾರೂ ಕೇಳಲಿಲ್ಲ. ಹತ್ತಿರ ಯಾರಿದ್ದರು, ಕೊನೆಗೆ ಏನಾದರೂ ಹೇಳಿದನೆ, ನೀನು ಹೋದಾಗ ಮುಖ ಹೇಗಿತ್ತು, ಇದ್ಯಾವುದೂ ಅವರಿಗೆ ಬೇಕಾಗಿರಲಿಲ್ಲ. ದೂರ ಮಾತ್ರ ಬೇಕಿತ್ತು.

ನಾನು ಕೊಚ್ಚಿಯಿಂದ ನೇರವಾಗಿ ಬಂದಿದ್ದೆ. ಗೌರೀಶ್ ಸರಕು ಹಡಗೊಂದರ ಕ್ಯಾಪ್ಟನ್. ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ, ಏಕವಚನದಲ್ಲಿ ಮಾತಾಡುತ್ತಾಳೆ ಎಂದು ಈ ಮನೆಯವರು ನನ್ನ ಬಗ್ಗೆ ಮದುವೆಯಾದಾಗಿನಿಂದ ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ. ಹಡಗು ಕೊಚ್ಚಿಯ ಕಡೆ ಬರುತ್ತಿತ್ತು. ಮಿನಿಕಾಯ್ ದ್ವೀಪಕ್ಕಿಂತ ಸ್ವಲ್ಪ ಕೆಳಗೆ, ಬೆಳಗಿನ ಕಾಫಿ ಹಿಡಿದು ನಿಂತವನು ಎದೆ ಒತ್ತಿಕೊಂಡು ಕೂತ, ಮತ್ತೆ ಏಳಲಿಲ್ಲ. ಮರುದಿನ ಅವನನ್ನು ಕೊಚ್ಚಿಯಲ್ಲಿ ಇಳಿಸಿದರು.

ಭಾವನಿಗೆ, ಅಂದರೆ ಗೌರೀಶನ ಅಣ್ಣ ವೇಣುಗೋಪಾಲ್ ಅವರಿಗೆ, ಆಗಲೇ ಫೋನ್ ಮಾಡಿದ್ದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. "ಮುಟ್ಟಿಬಿಟ್ರೆ ಕಷ್ಟ ಆಗುತ್ತೆ ಕಣಮ್ಮ" ಅಂದರು. ಅವರ ಮಗ ಆಕರ್ಷನ ಮದುವೆ ಗೌರೀಶ್ ಸತ್ತ ಎಂಟನೆಯ ದಿನಕ್ಕೆ ಬೀಳುತ್ತಿತ್ತು. ತಮ್ಮನ ಹೆಣ ಮುಟ್ಟಿದ ಮೇಲೆ ಸೂತಕದಿಂದ ತಪ್ಪಿಸಿಕೊಳ್ಳಲು ಯಾವ ದಾರಿಯೂ ಉಳಿಯುವುದಿಲ್ಲ ಎಂಬುದು ಆ ದುಃಖದಲ್ಲೂ ಅವರಿಗೆ ಚೆನ್ನಾಗಿ ನೆನಪಿತ್ತು. ನಮಗೆ ಮಕ್ಕಳಿಲ್ಲ. ನಾನೇ ಬೆಂಕಿ ಇಟ್ಟೆ. ಅಲ್ಲಿನ ಪುರೋಹಿತರು ಒಂದು ಮಾತೂ ಆಡದೆ ಕೊಳ್ಳಿಯನ್ನು ನನ್ನ ಕೈಗೆ ಕೊಟ್ಟರು. ಆಲುವಾದ ಹೊಳೆಯಲ್ಲಿ ಅಸ್ಥಿ ಬಿಟ್ಟು ಬೆಂಗಳೂರಿನ ವಿಮಾನ ಹತ್ತಿದೆ.

ಮಲ್ಲೇಶ್ವರದ ನಮ್ಮ ಫ್ಲ್ಯಾಟಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹೋಗಲಿಲ್ಲ. ಉಳಿದ ದಿನಗಳ ಸೂತಕ ಅವನು ಹುಟ್ಟಿ ಬೆಳೆದ ಮನೆಯಲ್ಲಿ ನಡೆಯಬೇಕು, ಅವನ ಒಡಹುಟ್ಟಿದವನು ಅವನಿಗೆ ಪಿಂಡ ಇಡಬೇಕು ಎಂಬುದು ನನ್ನ ಹಠವಾಗಿತ್ತು. ಮಡಿ ಮೈಲಿಗೆಯ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. ಆದರೆ ಈ ಮನೆಯವರಿಗೆ ಬೇರೆ ಭಾಷೆ ಬರುವುದಿಲ್ಲ. ಇವರು ಅಳುವವರಲ್ಲ, ತಬ್ಬಿಕೊಳ್ಳುವವರಲ್ಲ. ಸತ್ತವನು ನಮ್ಮವನಾಗಿದ್ದ ಎಂದು ಇವರು ಹೇಳುವುದು ಹತ್ತು ದಿನ ದೇವರ ಮನೆಯ ಬಾಗಿಲು ಮುಚ್ಚಿ, ಸಪ್ಪೆ ಅಡುಗೆ ಉಂಡು, ಅಷ್ಟೇ. ಮೈಸೂರಿನಲ್ಲಿ ಯಾವನೋ ದಾಯಾದಿ ಮುದುಕ, ಈ ಮನೆಯಲ್ಲಿ ಯಾರೂ ಮುಖ ಕಂಡಿರದವನು, ಸತ್ತಾಗ ಹತ್ತೂ ದಿನ ಕೂತಿದ್ದರು. ಆ ಮುದುಕನಿಗೆ ಸಿಕ್ಕಿದ್ದು ಗೌರೀಶನಿಗೆ ಸಿಗಬಾರದೆ?

ಗೇಟಿನ ಮುಂದೆ ಚಪ್ಪರ ಏರಿತ್ತು. ಹಿತ್ತಲಿನಲ್ಲಿ ಅಡುಗೆಯವರು ಚಕ್ಕುಲಿ ಕರಿಯುತ್ತಿದ್ದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಸುದ್ದಿ ತಿಳಿದು ಐದು ದಿನವಾಗಿದ್ದರೂ ಚಕ್ಕುಲಿ ಹೇಗೆ ಕರಿಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಅದಕ್ಕೆ ಭಾವ ಮೊದಲ ದಿನವೇ ವ್ಯವಸ್ಥೆ ಮಾಡಿದ್ದರಂತೆ. ಫೋನಿನಲ್ಲಿ ಕೇಳಿದ್ದು ಕೇಳಿದಂತಲ್ಲ. ಹಡಗಿನ ಕಂಪನಿಯಿಂದ ಬರಹದಲ್ಲಿ ಬಂದ ಮೇಲೆ ಕೇಳಿದಂತೆ. ಹಾಗಾಗಿ ನಾನು ಕೊಚ್ಚಿಯಲ್ಲಿ ಚಿತೆಯ ಮುಂದೆ ನಿಂತಿದ್ದಾಗ ಇವರು ಇನ್ನೂ ಸುದ್ದಿ ಕೇಳದವರಾಗಿ ಚಿಕ್ಕಪೇಟೆಯಲ್ಲಿ ಸೀರೆ ಆರಿಸುತ್ತಿದ್ದರು.

ಬರಹ ಆ ಬೆಳಿಗ್ಗೆ ಬಂದಿತ್ತು. ಉಸಿರು ನಿಂತ ಜಾಗ: ಉತ್ತರಕ್ಕೆ ಏಳು ಡಿಗ್ರಿ ಐವತ್ತು ಮಿನಿಟು, ಪೂರ್ವಕ್ಕೆ ಎಪ್ಪತ್ತೆರಡು ಡಿಗ್ರಿ ಐವತ್ತೈದು ಮಿನಿಟು. ಒಳಗೆ ಹೋದಾಗ ಭಾವ, ಆಕರ್ಷ, ಮನೆಯ ಪುರೋಹಿತರಾದ ಮೂರ್ತಿ ಶಾಸ್ತ್ರಿಗಳು, ಮೂವರೂ ಊಟದ ಮೇಜಿನ ಮೇಲೆ ಬಗ್ಗಿದ್ದರು. ಮೇಜಿನ ಮೇಲೆ ಅಗಲಕ್ಕೆ ಹರಡಿದ್ದು ಗೌರೀಶನ ಕಡಲ ನಕ್ಷೆ. ಈಗ ಹಡಗುಗಳಲ್ಲಿ ಎಲ್ಲವೂ ಸ್ಕ್ರೀನಿನ ಮೇಲೆ. ಕಾಗದದ ಚಾರ್ಟುಗಳನ್ನು ತೆಗೆದುಹಾಕಿದಾಗ ಅವನೊಂದನ್ನು ತಂದು ತನ್ನ ಹಳೆಯ ಕೋಣೆಯ ಬೀರುವಿನ ಮೇಲೆ ಸುತ್ತಿ ಇಟ್ಟಿದ್ದ. ಅದರ ನಾಲ್ಕು ಮೂಲೆ ಮೇಲೇಳದಂತೆ ಎರಡು ಕಡೆ ಹಂಚಿ ಉಳಿದ ಲಗ್ನಪತ್ರಿಕೆಯ ಕಟ್ಟು, ಒಂದು ಕಡೆ ಅರಿಸಿನದ ಡಬ್ಬಿ, ಇನ್ನೊಂದು ಕಡೆ ಕುಂಕುಮದ ಭರಣಿ ಇಟ್ಟಿದ್ದರು.

"ಬಾಮ್ಮ ಮೈತ್ರೇಯಿ," ಅಂದರು ಭಾವ, ತಲೆ ಎತ್ತದೆ. "ಅಲ್ಲೇ ಬಾಗಿಲ ಹತ್ರ ಚಾಪೆ ಇದೆ ನೋಡು, ಕೂತ್ಕೊ. ಸೋಫಾ ಬೇಡ. ನಮ್ದು ಇನ್ನೂ ತೀರ್ಮಾನ ಆಗಿಲ್ಲ."

"ಅತ್ತೆ ಎಲ್ಲಿ?"

"ಒಳಗೆ ಮಲಗಿದಾರೆ. ಹೇಳಿದೀವಿ ಅವ್ರಿಗೆ. ತುಂಬಾ ದೂರದಲ್ಲಿ ಆಯ್ತು, ಯಾರೂ ಹೋಗೋ ಹಾಗಿರ್ಲಿಲ್ಲ ಅಂತ ಹೇಳಿದೀವಿ. ನೀನು ಹೋಗಿ ಏನೇನೋ ಹೇಳಿ ಅಳಿಸ್ಬೇಡ."

ಚಾಪೆಯ ಮೇಲೆ ಕೂತೆ. ಆಕರ್ಷ ಒಮ್ಮೆ ನನ್ನ ಕಡೆ ನೋಡಿ ಫೋನಿಗೆ ಕಣ್ಣು ಇಳಿಸಿದ. ಅವನಿಗೆ ಈಜು ಕಲಿಸಿದ್ದು ಗೌರೀಶ್. ಚಿಕ್ಕಪ್ಪ ಬಂದರೆ ಸಾಕು, ಮನೆಯಲ್ಲಿ ಬೇರೆ ಯಾರೂ ಬೇಡ ಅನ್ನುತ್ತಿದ್ದವನು.

ವಿಷಯ ಏನೆಂದು ಶಾಸ್ತ್ರಿಗಳು ನನಗೆ ವಿವರಿಸಿದರು. ಅವರ ದನಿಯಲ್ಲಿ ಸಂಕಟಕ್ಕಿಂತ ಉತ್ಸಾಹ ಜಾಸ್ತಿ ಇತ್ತು. ಇಂಥ ಪ್ರಶ್ನೆ ದಿನಾ ಬರುವುದಿಲ್ಲವಲ್ಲ. "ನೋಡೀಮ್ಮಾ, ದೇಶಾಂತರದಲ್ಲಿ ತೀರಿಕೊಂಡ್ರೆ ಜ್ಞಾತಿಗಳಿಗೆ, ಅಂದ್ರೆ ಅಣ್ಣತಮ್ಮಂದಿರು ದಾಯಾದಿಗಳಿಗೆ, ಹತ್ತು ದಿನದ ಸೂತಕ ಇಲ್ಲ. ಸುದ್ದಿ ಕೇಳಿ ಸ್ನಾನ ಮಾಡಿದ್ರೆ ಮುಗೀತು. ದೇಶಾಂತರ ಅಂದ್ರೆ ಎಷ್ಟು ದೂರ? ಗ್ರಂಥಗಳಲ್ಲಿ ನಾನಾ ಪಕ್ಷ ಇವೆ. ಈ ಮನೇಲಿ ನಡೆದು ಬಂದಿರೋದು ಅರವತ್ತು ಯೋಜನ. ಇವ್ರ ತಾತನೋರು ಹಾಕಿಟ್ಟ ಲೆಕ್ಕ. ಯೋಜನಕ್ಕೆ ಎಂಟು ಮೈಲಿ."

"ಮದುವೆ ನಾಂದಿಪೂಜೆ ಆಗಿಬಿಟ್ಟಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ," ಅಂದರು ಭಾವ. "ಆಮೇಲೆ ಯಾವ ಸೂತಕಾನೂ ತಟ್ಟಲ್ಲ. ಒಂದು ವಾರ ತಡೆದಿದ್ರೆ..."

ಯಾರು ಒಂದು ವಾರ ತಡೆಯಬೇಕಿತ್ತು ಎಂದು ಅವರು ಹೇಳಲಿಲ್ಲ. ಗೌರೀಶ್ ತಡೆಯಬೇಕಿತ್ತು, ಇನ್ಯಾರು.

ಈ ತಾತನ ಲೆಕ್ಕದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಯಾವುದೋ ಕಾಲದಲ್ಲಿ ಕಾಶಿಗೆ ಹೋದ ದಾಯಾದಿ ಅಲ್ಲೇ ಸತ್ತನಂತೆ, ಇಲ್ಲಿ ಯಾರದೋ ಉಪನಯನ ಇತ್ತಂತೆ, ತಾತ ಅರವತ್ತು ಯೋಜನ ಎಂದು ತೀರ್ಪು ಕೊಟ್ಟರಂತೆ. ಅಂದಿನಿಂದ ಅದು ಈ ವಂಶದ ಸಂವಿಧಾನ. ತಾತನ ಮಾತನ್ನು ಮೀರಿದರೆಂದು ನಾಳೆ ಯಾರಾದರೂ ಅಂದರೆ ಭಾವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ತಮ್ಮನಿಗೆ ಅಳದಿದ್ದರೆ ನಡೆಯುತ್ತದೆ, ತಾತನ ಗುಣಾಕಾರ ತಪ್ಪಬಾರದು.

"ಅಪ್ಪಾ, ಫೋನಲ್ಲಿ ಮತ್ತೆ ಹಾಕ್ದೆ," ಅಂದ ಆಕರ್ಷ. "ಅದೇ ಬರ್ತಿದೆ. ಏಳ್ನೂರ ಅರವತ್ತನಾಲ್ಕು ಕಿಲೋಮೀಟರ್. ನಮ್ಗೆ ಬೇಕಾಗಿರೋದು ಏಳ್ನೂರ ಎಪ್ಪತ್ತೆರಡು. ಎಂಟು ಕಮ್ಮಿ ಬೀಳ್ತಿದೆ."

"ಫೋನ್ ಬಿಡೋ. ಗಾಂಧಿಬಜಾರಿಗೆ ದಾರಿ ಕೇಳಿದ್ರೆ ಚಾಮರಾಜಪೇಟೆ ಸುತ್ತಿಸುತ್ತೆ ಅದು. ಸಮುದ್ರದ ದೂರಾನ ಸಮುದ್ರದೋರ ಥರ ಅಳೀಬೇಕು. ಅದಕ್ಕೇ ಅವನ ಚಾರ್ಟ್ ತೆಗ್ಸಿದ್ದು." ಭಾವ ಸರ್ಕಾರಿ ಎಂಜಿನಿಯರಾಗಿ ನಿವೃತ್ತರಾದವರು. ಕಾಗದ, ಪೆನ್ಸಿಲ್ಲು, ಮೊನೆಯಿರುವ ಉಪಕರಣ ಕೈಗೆ ಸಿಕ್ಕಿದರೆ ಹತ್ತು ವರ್ಷ ಚಿಕ್ಕವರಾಗುತ್ತಾರೆ. ಆಕರ್ಷ ಶಾಲೆಗೆ ಒಯ್ಯುತ್ತಿದ್ದ ಜಾಮೆಟ್ರಿ ಬಾಕ್ಸಿನಿಂದ ಡಿವೈಡರ್ ತೆಗೆದುಕೊಂಡಿದ್ದರು.

ಮೊದಲ ತೊಡಕು ಬೆಂಗಳೂರನ್ನು ಹುಡುಕುವುದು. ಕಡಲ ನಕ್ಷೆಯಲ್ಲಿ ನೀರಿನ ಮೇಲೆಲ್ಲ ಆಳದ ಅಂಕಿಗಳು, ಬಂಡೆ, ದೀಪಸ್ತಂಭ, ಎಲ್ಲ ಇರುತ್ತವೆ. ಕರಾವಳಿ ದಾಟಿ ಒಳಗೆ ಬಂದರೆ ಬರೀ ಹಳದಿ. ನಾವಿಕನಿಗೆ ಬೇಡದ್ದನ್ನು ಅದರಲ್ಲಿ ಬರೆಯುವುದಿಲ್ಲ.

"ಬೆಂಗ್ಳೂರೇ ಇಲ್ವಲ್ಲ," ಅಂದರು ಶಾಸ್ತ್ರಿಗಳು, ಬಹಳ ನೊಂದುಕೊಂಡು. "ಮಂಗ್ಳೂರಿದೆ."

"ಇದೆಂಥ ಮ್ಯಾಪು!" ಅಂದರು ಭಾವ. ಅವರ ಮುಖ ನೋಡಬೇಕಿತ್ತು. ಬಸವನಗುಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪ್ರಪಂಚವೊಂದಿದೆ, ತಮ್ಮ ಅದರಲ್ಲೇ ಮೂವತ್ತು ವರ್ಷ ಓಡಾಡಿದ ಎಂಬುದು ಅವರಿಗೆ ಅವತ್ತೇ ಗೊತ್ತಾಗಿದ್ದು. ಕೊನೆಗೆ ಆಕರ್ಷ ಫೋನಿನಲ್ಲಿ ಡಿಗ್ರಿಗಳನ್ನು ನೋಡಿ ಹೇಳಿದ, ಭಾವ ಹಳದಿಯ ನಡುವೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟು 'ಮನೆ' ಎಂದು ಬರೆದರು. ಕೆಳಗೆ ನೀರಿನಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಕತ್ತರಿ ಗುರುತು ಹಾಕಿದರು. ಅದು ಗೌರೀಶ್.

ಡಿವೈಡರನ್ನು ನಕ್ಷೆಯ ಕೆಳಗಿನ ಅಂಚಿಗೆ ಹಿಡಿದು ಒಂದು ಡಿಗ್ರಿಯಷ್ಟು ಅಗಲ ಮಾಡಿಕೊಂಡರು. "ಡಿಗ್ರಿಗೆ ಅರವತ್ತು ಮಿನಿಟು, ಮಿನಿಟಿಗೆ ಒಂದು ಸಮುದ್ರ ಮೈಲಿ. ತಾತನ ಲೆಕ್ಕ ನೆಲದ ಮೈಲಿಯಲ್ಲಿ ನಾಲ್ಕುನೂರ ಎಂಬತ್ತು. ಸಮುದ್ರದ ಮೈಲಿ ಸ್ವಲ್ಪ ದೊಡ್ದು. ಅದ್ರಲ್ಲಿ ನಾಲ್ಕುನೂರ ಹದಿನೇಳು ದಾಟಿದ್ರೆ ಸಾಕು." ಪೆನ್ಸಿಲ್ ಚುಕ್ಕೆಯಿಂದ ಶುರುಮಾಡಿ ಡಿವೈಡರನ್ನು ಒಂದು ಕಾಲಿನ ಮೇಲೆ ತಿರುಗಿಸುತ್ತ ಹೆಜ್ಜೆ ಹಾಕಿಸಿದರು. ಒಂದು, ಎರಡು, ಮೂರು. ಮಲಬಾರಿನ ಕರಾವಳಿ ದಾಟಿ ನೀರಿಗಿಳಿಯಿತು. ಏಳನೆಯ ಹೆಜ್ಜೆಗೆ ಮೊನೆ ಸರಿಯಾಗಿ ಕತ್ತರಿ ಗುರುತಿನ ಮೇಲೆ ಬಂದು ಕೂತಿತು.

"ಏಳು!" ಅಂದರು ಭಾವ. "ಏಳು ಅರವತ್ತಲಿ ನಾಲ್ಕುನೂರ ಇಪ್ಪತ್ತು. ಮೂರು ಮೈಲಿ ಜಾಸ್ತೀನೇ ಇದೆ!"

"ಸಪ್ತಪದಿ," ಅಂದರು ಶಾಸ್ತ್ರಿಗಳು. ನಿಜವಾಗಿ ಅಂದರು. ಅವರ ಕಣ್ಣು ತುಂಬಿ ಬಂದಿತ್ತು. "ಏಳೇ ಹೆಜ್ಜೆ ನೋಡಿ. ದೈವಸಂಕಲ್ಪ ಅಂದ್ರೆ ಇದು."

ಅವತ್ತಿನವರೆಗೆ ನನಗೆ ಅಳು ಬಂದಿರಲಿಲ್ಲ. ಅಲ್ಲೂ ಬರಲಿಲ್ಲ, ನಗು ಬಂತು. ಮೂವರೂ ತಿರುಗಿ ನೋಡಿದರು.

"ಭಾವ, ನೀವು ಅಳೆದಿದ್ದು ತಪ್ಪು," ಅಂದೆ.

"ಏನು ತಪ್ಪು?"

"ಕೆಳಗಿನ ಅಂಚಲ್ಲಿ ದೂರ ಅಳೀಬಾರ್ದು."

"ಯಾಕಮ್ಮಾ? ಯಾವ ಡ್ರಾಯಿಂಗಿಗಾದ್ರೂ ಸ್ಕೇಲ್ ಕೆಳಗಡೇನೇ ಇರುತ್ತೆ. ಎಷ್ಟು ಬ್ರಿಡ್ಜಿನ ಡ್ರಾಯಿಂಗ್ ನೋಡಿಲ್ಲ ನಾನು."

"ಇದು ಬ್ರಿಡ್ಜಲ್ಲ."

ಮದುವೆಯಾದ ಹೊಸತರಲ್ಲಿ ನಾನು ಗೌರೀಶನ ಜೊತೆ ಹಡಗಿನಲ್ಲಿ ತಿರುಗಿದ್ದೇನೆ. ಆಗಿನ್ನೂ ಕಾಗದದ ಚಾರ್ಟುಗಳ ಕಾಲ. ಹೊತ್ತು ಹೋಗದೆ ಹಡಗು ನಡೆಸುವ ಕೋಣೆಯಲ್ಲಿ ಅವನ ಪಕ್ಕ ನಿಂತು ಡಿವೈಡರ್ ಹಿಡಿದರೆ ನಾನೂ ಎಲ್ಲರ ಹಾಗೆ ಕೆಳಗಿನ ಅಂಚಿಗೇ ಕೈ ಹಾಕುತ್ತಿದ್ದೆ. ಅವನು ಕೈ ಹಿಡಿದು ಮೇಲೆ ತರುತ್ತಿದ್ದ. ದೂರವನ್ನು ಪಕ್ಕದವರನ್ನು ಕೇಳು, ಕಾಲ ಬುಡದಲ್ಲಿರುವವರನ್ನು ಕೇಳಬೇಡ, ಅವರು ಸುಳ್ಳು ಹೇಳುತ್ತಾರೆ ಅನ್ನುತ್ತಿದ್ದ. ಎದ್ದು ಮೇಜಿನ ಹತ್ತಿರ ಹೋದೆ. ಶಾಸ್ತ್ರಿಗಳು ನನ್ನ ಸೆರಗು ತಾಗದಂತೆ ಎರಡು ಹೆಜ್ಜೆ ಹಿಂದೆ ಸರಿದರು.

"ಪಕ್ಕದ ಅಂಚಲ್ಲಿರೋದು ಅಕ್ಷಾಂಶ. ಅಲ್ಲಿನ ಒಂದು ಮಿನಿಟು ಒಂದು ಸಮುದ್ರ ಮೈಲಿ. ಕೆಳಗಿರೋದು ರೇಖಾಂಶ. ಭೂಮಿ ಗುಂಡಗಿದೆ, ಮೇಲೆ ಹೋಗ್ತಾ ಹೋಗ್ತಾ ಆ ಗೆರೆಗಳು ಒಂದಕ್ಕೊಂದು ಹತ್ರ ಆಗ್ತವೆ. ನಕ್ಷೇಲಿ ಮಾತ್ರ ನೇರ ನಿಲ್ಸಿರ್ತಾರೆ. ಕೆಳಗಿನ ಮಿನಿಟು ಮೈಲಿಗಿಂತ ಗಿಡ್ಡ. ಗಿಡ್ಡ ಕೋಲಲ್ಲಿ ಅಳೆದ್ರೆ ಬಟ್ಟೆ ಉದ್ದ ಬರೋ ಹಾಗೆ, ದೂರ ಜಾಸ್ತಿ ಬರುತ್ತೆ." ಹೇಳುತ್ತಲೇ ಡಿವೈಡರನ್ನು ಪಕ್ಕದ ಅಂಚಿಗೆ, ದಾರಿಯ ನಡುಮಟ್ಟಕ್ಕೆ ಸರಿಯಾಗಿ, ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಹಿಡಿದು ಅರವತ್ತು ಮಿನಿಟು ಅಗಲಿಸಿದೆ. ಪೆನ್ಸಿಲ್ ಚುಕ್ಕೆಯಿಂದ ಹೊರಟೆ. ಏಳನೆಯ ಹೆಜ್ಜೆಗೆ ಮೊನೆ ಕತ್ತರಿ ಗುರುತನ್ನು ದಾಟಿ ಆಚೆ ಬಿತ್ತು. ಮೊನೆಯನ್ನು ಗುರುತಿನವರೆಗೆ ಹಿಂದಕ್ಕೆ ತಂದು, ಉಳಿದ ತುಂಡನ್ನು ಪಕ್ಕದ ಅಂಚಿನಲ್ಲಿ ಓದಿದೆ.

"ನಾಲ್ಕುನೂರ ಹದಿಮೂರು. ನಿಮ್ಮ ತಾತನಿಗೆ ನಾಲ್ಕು ಮೈಲಿ ಸಾಲ್ದು."

ಆ ನಕ್ಷೆಯ ಮೇಲೆ ನಾಲ್ಕು ಮೈಲಿ ಅಂದರೆ ಒಂದು ಸಾಸಿವೆ ಕಾಳಿನಷ್ಟು. ಆ ಸಾಸಿವೆಯ ಈಚೆ ಗೌರೀಶ್ ಇವರ ತಮ್ಮ, ಆಚೆ ಯಾರೂ ಅಲ್ಲ. ಭಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ತಾವೇ ಇನ್ನೊಮ್ಮೆ ಪಕ್ಕದಲ್ಲಿ ಅಳೆದರು. ಅವರಿಗೂ ಅಷ್ಟೇ ಬಂತು. ಫೋನೂ ಅದನ್ನೇ ಹೇಳಿತ್ತು ಎಂದು ಆಕರ್ಷ ಗೊಣಗಿದ. ಅವನನ್ನು ಸುಮ್ಮನಿರಿಸಿದರು.

ಶಾಸ್ತ್ರಿಗಳು ಕೆಮ್ಮಿದರು. "ಹಾಗಾದ್ರೆ ಹತ್ತು ದಿನ ಆಗುತ್ತೆ. ಮುಹೂರ್ತ ಮುಂದಕ್ಕೆ..."

"ಇರಿ ಸ್ವಾಮಿ," ಅಂದರು ಭಾವ. ಕುರ್ಚಿ ಎಳೆದು ನನ್ನ ಎದುರಿಗೆ ಕೂತರು. ದನಿ ಮೆತ್ತಗಾಯಿತು. ಗುತ್ತಿಗೆದಾರನ ಹತ್ತಿರ ಮಾತಾಡುವಾಗ ಈ ದನಿ ಬರುತ್ತಿತ್ತೆಂದು ಗೌರೀಶ್ ಹೇಳುತ್ತಿದ್ದ. "ಮೈತ್ರೇಯಿ, ಹಡಗು ಓಡ್ತಿತ್ತಲ್ವಾ?"

"ಓಡ್ತಿತ್ತು."

"ಈ ಕಡೆಗೇ ಬರ್ತಿತ್ತು. ಅಂದ್ರೆ ಸ್ವಲ್ಪ ಹೊತ್ತು ಮುಂಚೆ ಇನ್ನೂ ದೂರ ಇತ್ತು. ಎಷ್ಟು ಸ್ಪೀಡು ಹೋಗುತ್ತೆ ಅದು?"

"ಗಂಟೆಗೆ ಹನ್ನೆರಡು ಮೈಲಿ."

"ನಾಲ್ಕು ಮೈಲಿ ಅಂದ್ರೆ ಇಪ್ಪತ್ತೇ ನಿಮಿಷ." ಮುಂದಕ್ಕೆ ಬಗ್ಗಿದರು. "ನೋಡು, ಅಲ್ಲಿ ಡಾಕ್ಟರ್ ಇರ್ಲಿಲ್ಲ. ಎದೆ ಹಿಡ್ಕೊಂಡು ಕೂತಾಗ್ಲೇ ಹೋಗಿಬಿಟ್ಟಿರ್ತಾನೆ. ಆ ಹುಡುಗ್ರು ಗಾಬರೀಲಿ ಆಮೇಲೆ ಬರ್ಕೊಂಡಿರ್ತಾರೆ. ಇಪ್ಪತ್ತು ನಿಮಿಷ ಮುಂಚೆ ಹೋದ ಅಂತ ಹೆಂಡ್ತಿಯಾಗಿ ನೀನೊಂದು ಮಾತು ಹೇಳ್ಬಿಟ್ರೆ ಶಾಸ್ತ್ರಿಗಳಿಗೆ ಅಷ್ಟೇ ಸಾಕು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ. ಮದುವೆ ಮುಗೀಲಿ, ಆಮೇಲೆ ಅವನದ್ದು ಎಲ್ಲಾ ನಾನೇ ನಿಂತು ಮಾಡಿಸ್ತೀನಿ. ಏನಂತೀರಿ ಶಾಸ್ತ್ರಿಗಳೇ?"

"ಪತ್ನೀವಾಕ್ಯ ಪ್ರಮಾಣವೇ," ಅಂದರು ಶಾಸ್ತ್ರಿಗಳು.

ಬಸ್ಸಿನ ಸೀಟಿನಲ್ಲಿ ಸ್ವಲ್ಪ ಸರಿದು ಕೂರಿ ಅನ್ನುವಷ್ಟು ಹಗುರಾಗಿ ಕೇಳಿದ್ದರು ಭಾವ. ನನ್ನ ಗಂಡನನ್ನು ಇನ್ನೊಂದು ಇಪ್ಪತ್ತು ನಿಮಿಷ ಮೊದಲೇ ಸಾಯಿಸಿಕೊಡು ಎಂದು ಕೇಳುತ್ತಿದ್ದಾರೆ ಎಂಬುದು ತಲೆಗೆ ಹತ್ತಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಮೈಯೆಲ್ಲ ಉರಿದುಹೋಯಿತು.

"ಆ ಇಪ್ಪತ್ತು ನಿಮಿಷ ಅವನು ಬದುಕಿದ್ದ," ಅಂದೆ. "ಸೆಕೆಂಡ್ ಆಫೀಸರ್ ಅವನ ತಲೇನ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಕೊಚ್ಚೀಲಿ ಆ ಹುಡುಗ ನನ್ನ ಮುಂದೆ ಅತ್ತುಕೊಂಡು ಎಲ್ಲಾ ಹೇಳಿದ. ನೀವು ಕೇಳಿದ್ರೆ ನಾನೂ ಹೇಳ್ತಿದ್ದೆ. ನೀವು ಕೇಳ್ಲಿಲ್ಲ. ಗೌರೀಶ್ ಅಮ್ಮನ ಹತ್ರ ಮಾತಾಡ್ಬೇಕು ಅಂದನಂತೆ. ಹಡಗಿನ ಫೋನಿಂದ ನಿಮ್ಮ ನಂಬರಿಗೆ ಮಾಡಿದ್ರಂತೆ, ಎರಡು ಸಲ. ನೀವು ಎತ್ತಲಿಲ್ಲ."

"ಯಾವ್ದೋ ಉದ್ದದ ನಂಬರ್ ಬಂದಿತ್ತು," ಅಂದರು ಭಾವ. "ಬೆಳಿಗ್ಗೆ ಬೆಳಿಗ್ಗೆ ಲೋನ್ ಕೊಡ್ತೀವಿ ಅಂತ ಮಾಡ್ತಾರಲ್ಲ, ಆ ಥರದ್ದು ಅಂದ್ಕೊಂಡೆ."

"ಆ ಇಪ್ಪತ್ತು ನಿಮಿಷ ಅವನು ನಿಮ್ಮ ಫೋನಿಗೆ ಕಾಯ್ತಿದ್ದ. ಅದನ್ನ ನಾನು ನಿಮಗೆ ಬಿಟ್ಟುಕೊಡಲ್ಲ."

"ಯಾರು ಕಾಯ್ತಿದ್ದಿದ್ದು?"

ಅತ್ತೆಯ ದನಿ. ತುಳಸಮ್ಮ ನಡುಮನೆಯ ಬಾಗಿಲು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಎಂಬತ್ತು ದಾಟಿದ ಜೀವ, ಐದು ದಿನದಲ್ಲಿ ಇನ್ನಷ್ಟು ಇಳಿದಿತ್ತು. ಆಕರ್ಷ ಹೋಗಿ ತೋಳು ಹಿಡಿಯಲು ನೋಡಿದ. ಅವನ ಕೈ ಸರಿಸಿ ತಾವೇ ಗೋಡೆ ಹಿಡಿದುಕೊಂಡು ಮೇಜಿನವರೆಗೆ ಬಂದರು.

"ಅಮ್ಮಾ, ನೀವು ಮಲ್ಕೊಳಿ," ಅಂದರು ಭಾವ.

"ಅಮೆರಿಕದ ಹತ್ರ ಅಂದ್ಯಲ್ಲೋ ವೇಣು? ವಿಮಾನದಲ್ಲಿ ಹೋದ್ರೂ ಎರಡು ದಿನ ಆಗುತ್ತೆ ಅಂದ್ಯಲ್ಲ? ಮತ್ತೆ ಇವ್ಳು ಕೊಚ್ಚಿ ಅಂತಿದಾಳೆ." ಅತ್ತೆ ನನ್ನ ಕಡೆ ತಿರುಗಿದರು. "ಎಲ್ಲಿ ತೋರ್ಸು ಮೈತ್ರೇಯಿ. ನಮ್ಮನೆ ಯಾವ್ದು, ಅವನು ಯಾವ್ದು?"

ಹಳದಿಯ ನಡುವಿನ ಚುಕ್ಕೆಯನ್ನು ತೋರಿಸಿದೆ. ನೀರಿನ ಮೇಲಿನ ಕತ್ತರಿ ಗುರುತನ್ನು ತೋರಿಸಿದೆ. ಅತ್ತೆ ಕಣ್ಣು ಹತ್ತಿರ ತಂದು ನೋಡಿದರು. ಆಮೇಲೆ ಬಲಗೈ ಬೆರಳುಗಳನ್ನು ಅಗಲಿಸಿ ಹೆಬ್ಬೆರಳನ್ನು ಮನೆಯ ಮೇಲೆ ಊರಿದರು. ರವಿಕೆ ಬಟ್ಟೆ ಅಳೆಯುವಾಗ ಇಡುವ ಹಾಗೇ ಅಂಗೈಯನ್ನು ಚಾಚಿದರು. ಕಿರುಬೆರಳು ಗೌರೀಶನ ಮೇಲೆ ಬಂದು ನಿಂತಿತು.

"ಒಂದು ಗೇಣು," ಅಂದರು ಅತ್ತೆ. ಕೈ ತೆಗೆಯಲಿಲ್ಲ. "ಗೇಣು ದೂರದಲ್ಲಿದ್ದ ಕಣೋ ನನ್ನ ಮಗ. ನನ್ನ ಕೇಳ್ದ."

ಹಿತ್ತಲಿನಲ್ಲಿ ಎಣ್ಣೆ ಸುಯ್ ಅನ್ನುತ್ತಿತ್ತು. ನನಗೆ ಆಗ ಅಳು ಬಂತು. ತಡೆಯಲು ಹೋಗಲಿಲ್ಲ.

"ಅಮ್ಮಾ, ಅದು ಮ್ಯಾಪು," ಅಂದರು ಭಾವ. "ಮ್ಯಾಪಲ್ಲಿ ಎಲ್ಲಾ ಹತ್ರಾನೇ ಕಾಣುತ್ತೆ."

"ನೀನೂ ಮ್ಯಾಪಲ್ಲೇ ತಾನೇ ದೂರ ಮಾಡ್ತಿದ್ದಿದ್ದು?"

ಭಾವನ ಹತ್ತಿರ ನಿರ್ಧಾರ ಆಗಲೇ ಇತ್ತು. ಇಂಥವರಿಗೆ ಅದು ಯಾವತ್ತೂ ಇರುತ್ತದೆ. ಛತ್ರ, ಬೀಗರು, ಹಂಚಿ ಮುಗಿದ ಲಗ್ನಪತ್ರಿಕೆ, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದು ಹೋದವು. ಎದ್ದು ನಿಂತರು. ಯಾರ ಮುಖವನ್ನೂ ನೋಡದೆ, "ಮೊದಲು ಅಳೆದಾಗ ಏಳು ಹೆಜ್ಜೆ ಬಂದಿದೆ," ಅಂದರು. "ನಾನು ಎಂಜಿನಿಯರು. ನನ್ನ ಅಳತೆ ಮೇಲೆ ನಂಗೆ ನಂಬ್ಕೆ ಇದೆ. ಶಾಸ್ತ್ರಿಗಳೇ, ಸ್ನಾನ ಮಾಡಿ ಬರ್ತೀನಿ. ನಾಳೆ ನಾಂದಿಗೆ ತಯಾರಿ ಮಾಡ್ಕೊಳಿ."

ಶಾಸ್ತ್ರಿಗಳು ನಕ್ಷೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಅರಿಸಿನದ ಡಬ್ಬಿ, ಕುಂಕುಮದ ಭರಣಿಗಳನ್ನು ಎತ್ತಿಕೊಂಡರು. ನಕ್ಷೆ ಆ ಬದಿಯಿಂದ ತನ್ನಷ್ಟಕ್ಕೆ ಸುತ್ತಿಕೊಂಡಿತು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ಒಂದು ಚೊಂಬು, ಎರಡು ಚೊಂಬು. ಮೂವತ್ತು ವರ್ಷ ಕಡಲಲ್ಲಿದ್ದ ತಮ್ಮನನ್ನು ನಾಲ್ಕು ಚೊಂಬು ಕಾವೇರಿ ನೀರಿನಲ್ಲಿ ಮುಗಿಸಿದರು.

ಅತ್ತೆ ಅಷ್ಟರಲ್ಲಿ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಒಂದು ಹಳೆಯ ಸೀರೆ, ಮಾತ್ರೆಯ ಡಬ್ಬಿ, ಕನ್ನಡಕದ ಕೇಸು. ಬಾಗಿಲ ಹತ್ತಿರ ಚಪ್ಪಲಿ ಹುಡುಕತೊಡಗಿದರು.

"ಅಜ್ಜೀ, ಎಲ್ಲಿಗೆ?" ಅಂದ ಆಕರ್ಷ. "ನೀವಿಲ್ದೆ ಧಾರೆ ಹೇಗಜ್ಜೀ ಆಗುತ್ತೆ? ಎಲ್ರೂ ಕೇಳ್ತಾರೆ."

"ಆಗುತ್ತಪ್ಪಾ. ನಿಮಗೆಲ್ಲ ಸ್ನಾನ ಸಾಕು. ನಾನು ಹೆತ್ತಿದೀನಿ, ನಂಗೆ ಸ್ನಾನ ಸಾಲಲ್ಲ." ಅವನ ತಲೆಯ ಮೇಲೆ ಕೈ ಇಡಲು ಹೋಗಿ, ಮುಟ್ಟಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಮದುಮಗ ಅಲ್ಲವೇ. ಅವನು ಅಳು ಬಂದವನ ಹಾಗೆ ಕಂಡ. ಆದರೆ ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ.

ನಾನು ನನ್ನ ಬ್ಯಾಗನ್ನು ಹೆಗಲಿಗೇರಿಸಿದೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಚಪ್ಪರದ ಕೆಳಗೆ ಬಂದಾಗ ನಿಂತು ಒಮ್ಮೆ ಹಿಂದೆ ನೋಡಿದರು. ಆ ಮನೆಗೆ ಅವರು ಬಂದದ್ದು ಹದಿನಾರನೆಯ ವಯಸ್ಸಿನಲ್ಲಿ.

"ನಡಿ ಮೈತ್ರೇಯಿ," ಅಂದರು. "ಈ ಮನೇಲಿ ಯಾರೂ ಸತ್ತಿಲ್ವಂತೆ. ಸತ್ತಿರೋ ಮನೆಗೆ ಹೋಗೋಣ."